ಡಬ್ಬಿಯೊಳಗೆ ನಲವತ್ತೊಂದು ಮಕ್ಕಳು

“ಸರ, ನಿಮ್ಮ ಡಬ್ಬಿ ತಗದು ನೋಡಿದೆ. ಒಳಗ ನಲವತ್ತೊಂದು ಮಕ್ಕಳು ಅದಾರ್ರಿ!”

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಇಂಥದ್ದೊಂದು ಫೋನ್ ಬಂದರೆ ನೀವೇನು ಮಾಡುತ್ತೀರಿ? ನಾನಂತೂ ದೋಸೆ ಮಗುಚುವುದನ್ನು ಮರೆತೆ. ಅದು ಕಾವಲಿಯ ಮೇಲೇ ಕರಿಕಲಾಯಿತು.

ಫೋನ್ ಮಾಡಿದವರು ಮೆಲ್ಬರ್ನ್‌ನ ಗಿರಿಜಾ. ಮೂಲತಃ ಹುಬ್ಬಳ್ಳಿಯವರು. ಕಂಪನಿಗಳ ಕಂಪ್ಯೂಟರ್‌ಗಳಲ್ಲಿ ಎಲ್ಲೆಲ್ಲಿ ಬಾಗಿಲು ತೆರೆದು ಬಿದ್ದಿದೆ ಎಂದು ಹುಡುಕಿ ಹೇಳುವುದೇ ಅವರ ಉದ್ಯೋಗ. ಭಾನುವಾರ ಮಾತ್ರ ಅಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ.

ಗಾಬರಿಯಾಗಬೇಡಿ, ಇದು ಪೊಲೀಸ್ ಕೇಸ್ ಅಲ್ಲ. (ಆಗಬಹುದಿತ್ತು. ಅದನ್ನು ಆಮೇಲೆ ಹೇಳುತ್ತೇನೆ.)

ನಾನಿರುವ ಊರಿನ ಬ್ಲ್ಯಾಕ್‌ಟೌನ್ ಬಡಾವಣೆಯಲ್ಲಿ ನಮ್ಮದೂ ಒಂದು ಭಾನುವಾರದ ಕನ್ನಡ ಕ್ಲಾಸ್ ಇದೆ. ಯಾವ ಮಗು ಬರುತ್ತದೆ, ಯಾರಿಗೆ ಕಡಲೆಕಾಯಿ ಅಲರ್ಜಿ, ಈ ವಾರದ ಸ್ನ್ಯಾಕ್ಸ್ ಯಾರ ಮನೆಯದು, ಎಲ್ಲವೂ ವಾಟ್ಸಾಪ್‌ನಲ್ಲೇ ನಡೆಯುತ್ತಿತ್ತು. ಗುಡ್ ಮಾರ್ನಿಂಗ್ ಹೂಗಳ ರಾಶಿಯಲ್ಲಿ ಅಲರ್ಜಿ ಮೆಸೇಜ್ ಹುಡುಕುವ ಕಷ್ಟ ನಿಮಗೂ ಗೊತ್ತು. ನಾನೋ, ವಾರವಿಡೀ ಚಾಟ್ಸ್‌ವುಡ್ ಆಫೀಸಿನಲ್ಲಿ ಕೋಡ್ ಬರೆಯುವವನು. ಸುಮ್ಮನಿರಲಾಗುತ್ತದೆಯೇ? ಎರಡು ವೀಕೆಂಡ್ ಸ್ಕೋಫೀಲ್ಡ್ಸ್‌ನ ನಮ್ಮ ಮನೆಯಲ್ಲಿ ಕೂತು ಪೈಥಾನ್ ಎಂಬ ಕೋಡ್ ಭಾಷೆಯಲ್ಲಿ ಪುಟ್ಟ ವೆಬ್ ಆ್ಯಪ್ ಮಾಡಿದೆ. ಅಪ್ಪ ಅಮ್ಮಂದಿರು ಮಗುವಿನ ಹೆಸರು, ವಿಳಾಸ, ಅಲರ್ಜಿ ಎಂದು ಫಾರ್ಮ್ ತುಂಬಬೇಕು, ಟೀಚರ್‌ಗಳು ಹಾಜರಿ ಹಾಕಬೇಕು. ಅಷ್ಟೇ. ಎಲ್ಲರೂ “ಸೂಪರ್ ಸರ್” ಎಂದರು. ನಾನು ಉಬ್ಬಿಹೋದೆ.

ಸುದ್ದಿ ಮೆಲ್ಬರ್ನ್‌ಗೂ ಮುಟ್ಟಿತು. “ನಮಗೂ ಕೊಡ್ರಿ” ಎಂದರು ಗಿರಿಜಾ.

ಗೊತ್ತಿಲ್ಲದವರಿಗೆ ಒಂದು ಮಾತು. ಆ್ಯಪ್ ಅನ್ನು ಬೇರೆಯವರಿಗೆ ಕೊಡುವಾಗ ಅದು ಓಡಲು ಬೇಕಾದ ಸರಕನ್ನೆಲ್ಲ ಜೊತೆಗೇ ತುಂಬಿ, ಒಂದೇ ಗಂಟು ಕಟ್ಟಿ ಕೊಡುತ್ತೇವೆ. ಅದಕ್ಕೆ ಕಂಟೇನರ್ ಇಮೇಜ್ ಎನ್ನುತ್ತಾರೆ. ಗಿರಿಜಾ ಡಬ್ಬಿ ಎನ್ನುತ್ತಾರೆ. ಅದೇ ಚೆನ್ನಾಗಿದೆ.

ಡಬ್ಬಿಗೆ ಏನೇನು ತುಂಬಬೇಕು ಎಂದು ಒಂದೊಂದಾಗಿ ಹೇಳಬಹುದು. ಅಥವಾ “ಈ ಫೋಲ್ಡರ್‌ನಲ್ಲಿರುವುದನ್ನೆಲ್ಲ ತುಂಬು” ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳಬಹುದು. ನಾನು ಯಾವುದನ್ನು ಮಾಡಿದೆ ಎಂದು ಬೇರೆ ಹೇಳಬೇಕೆ? ಆಮೇಲೆ ನೆನಪಾಯಿತು, ಅಯ್ಯೋ, ಮಕ್ಕಳ ಪಟ್ಟಿಯೂ ಅದೇ ಫೋಲ್ಡರ್‌ನಲ್ಲಿದೆ! ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಪಟ್ಟಿ ಅಳಿಸು. ಡಬ್ಬಿ ತಯಾರಾದ ಮೇಲೆ ಒಳಗೆ ಹುಡುಕಿದೆ. ಪಟ್ಟಿ ಇರಲಿಲ್ಲ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೆಲ್ಬರ್ನ್‌ನಲ್ಲಿ ಒಬ್ಬೊಬ್ಬರಿಗೂ ಲಾಗಿನ್ ಮಾಡಿಕೊಡುವುದು ಯಾರು ಎಂಬ ಸೋಮಾರಿತನಕ್ಕೆ, ಜಗತ್ತಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಜಾಗದಲ್ಲಿ ಅದನ್ನು ಇಟ್ಟೆ. ಕನ್ನಡ ಕ್ಲಾಸಿನ ಹಾಜರಿ ಆ್ಯಪ್! ಯಾರು ನೋಡ್ತಾರೆ, ಬಿಡು.

ನೋಡಿದವರು ಗಿರಿಜಾ. “ಎರಡು ಜಿಬಿ ಅದರಿ ಸರ. ಇಷ್ಟ ಭಾರ ಯಾಕ ಅಂತ ಬಿಚ್ಚಿ ನೋಡಿದೆ. ಗಣಪತಿ ಹಬ್ಬದ ಫೋಟೋ ಅದಾವು. ಡೇಟಾಬೇಸಿನ ಪಾಸ್‌ವರ್ಡ್ ಅದ. ಮ್ಯಾಲೆ ಈ ಮಕ್ಕಳ ಪಟ್ಟಿ.”

“ಛೆ ಛೆ, ಪಟ್ಟಿ ಅಳಿಸಿದೀನಿ ಮೇಡಂ!”

“ಅಳಿಸಿದ್ದು ಮ್ಯಾಲಿನ ಪದರದಾಗ್ರಿ. ಕೆಳಗಿನ ಪದರದಾಗ ಹಂಗ ಕುಂತದ. ಕಾಣಂಗಿಲ್ಲ, ಅಷ್ಟ.”

ಒಂದೊಂದು ಸಾಲಿಗೂ ಡಬ್ಬಿಯಲ್ಲಿ ಒಂದೊಂದು ಪದರ ಕೂರುತ್ತದೆ. ಹಳೇ ಗೋಡೆಗೆ ಹೊಸ ಬಣ್ಣ ಬಳಿದ ಹಾಗೆ. ಕೆರೆದರೆ ಹಳೆಯದು ಅಲ್ಲೇ ಇರುತ್ತದೆ. ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇದು ನನಗೆ ಗೊತ್ತಿರಬೇಕಿತ್ತು. ನಾಚಿಕೆಯಾಯಿತು.

ತಕ್ಷಣ ಡಬ್ಬಿಯನ್ನು ಅಲ್ಲಿಂದ ತೆಗೆದೆ, ಪಾಸ್‌ವರ್ಡ್ ಬದಲಾಯಿಸಿದೆ. ಹೋಗಲಿ, ಮುಗಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಗಿರಿಜಾ ದನಿ ತಗ್ಗಿಸಿದರು.

“ಸರ, ಮೂವತ್ತೇಳನೇ ಹೆಸರು ನೋಡ್ರಿ. ಮುಂದ ಏನೋ ಬರದಾರ.”

ನೋಡಿದೆ. ಒಂದು ಹುಡುಗಿಯ ಹೆಸರು, ಮನೆ ವಿಳಾಸ. ಪಕ್ಕದಲ್ಲಿ ಅವಳ ಅಮ್ಮ ಬರೆದಿದ್ದರು: ಈ ವಿಳಾಸ ದಯವಿಟ್ಟು ಯಾರಿಗೂ ಕೊಡಬೇಡಿ.

ಆ ಅಮ್ಮನನ್ನು ಶ್ವೇತಾ ಎನ್ನೋಣ. (ಹೆಸರು ಬದಲಿಸಿದ್ದೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಈಗಲಾದರೂ ಬುದ್ಧಿ ಬಂದಿದೆ.) ಹೊಡೆಯುವ ಗಂಡನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಬೇರೆ ಬಡಾವಣೆಗೆ ಮನೆ ಬದಲಿಸಿದವರು. ಆತ ಇವರು ಎಲ್ಲಿದ್ದಾರೆಂದು ನಮ್ಮ ಜನರನ್ನೇ ಕೇಳುತ್ತಾ ಓಡಾಡುತ್ತಿದ್ದ. ಆತನೂ ಐಟಿ. ನಮ್ಮಲ್ಲಿ ಐಟಿ ಅಲ್ಲದವರು ಯಾರು ಹೇಳಿ? ಯಾರು ನೋಡ್ತಾರೆ ಎಂದುಕೊಂಡೆನಲ್ಲ, ಇಂಥ ಡಬ್ಬಿ ಬಿಚ್ಚಲು ಬರುವವರು ಪ್ರತಿ ಮನೆಯಲ್ಲೂ ಒಬ್ಬರಿರುವ ಊರು ನಮ್ಮದು!

ಡಬ್ಬಿ ಅಲ್ಲಿ ಹನ್ನೊಂದು ದಿನ ಇತ್ತು. ಏಳು ಸಲ ಇಳಿಸಿಕೊಂಡಿದ್ದಾರೆ ಎಂದು ತೋರಿಸುತ್ತಿತ್ತು. ನಾನು ಮೂರು ಸಲ, ಗಿರಿಜಾ ಎರಡು ಸಲ. ಉಳಿದೆರಡು ಯಾರು? ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ. ತಾನಾಗಿಯೇ ಎಲ್ಲವನ್ನೂ ಇಳಿಸಿಕೊಳ್ಳುವ ಯಾವುದೋ ಮೆಷಿನ್ ಇರಬಹುದು, ಗಿರಿಜಾ ಹಾಗೇ ಎಂದರು.

“ತೆಗೆದಾಯ್ತಲ್ಲ, ಹೇಳಿ ಸುಮ್ಮನೆ ಯಾಕೆ ಹೆದರಿಸೋದು?” ಎಂದೆ ಹೆಂಡತಿಗೆ. ರಶ್ಮಿ ಸೌಟು ಕೆಳಗಿಟ್ಟಳು. “ನೀನು ಹೇಳ್ತೀಯೋ, ನಾನು ಹೇಳ್ಲೋ?”

ಮಗಳು ಬೇರೆ ಸೋಫಾದಿಂದಲೇ, “ಅಪ್ಪಾ, ಆರ್ ಯು ಇನ್ ಟ್ರಬಲ್?” ಎಂದು ಕೇಳಿದಳು. ಹೌದು ಮಗಳೇ.

ಶ್ವೇತಾಗೆ ಫೋನ್ ಮಾಡಿ ವಿಷಯ ಹೇಳಿದೆ. “ಮನೆಗೆ ಬರಬೇಡಿ ಸರ್. ಬ್ಲ್ಯಾಕ್‌ಟೌನ್ ಲೈಬ್ರರಿ ಹತ್ರ ಮೂರು ಗಂಟೆಗೆ ಸಿಗ್ತೀನಿ” ಎಂದರು.

ಮೂರು ಗಂಟೆಯವರೆಗೆ ಏನು ಮಾಡುವುದು? ಉಳಿದ ನಲವತ್ತು ಮಕ್ಕಳ ಮನೆಗಳಿಗೂ ನಡೆದದ್ದನ್ನು ಬರೆದು ಕ್ಷಮೆ ಕೇಳಿದೆ. ಆಮೇಲೆ ಗಿರಿಜಾ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತು ಡಬ್ಬಿಯನ್ನು ಮೊದಲಿಂದ ಕಟ್ಟಿದೆ. ತುಂಬು ಎನ್ನುವ ಮೊದಲು “ಇವನ್ನು ಒಳಗೆ ಬಿಡಬೇಡ” ಎಂಬ ಪಟ್ಟಿ. ಪಾಸ್‌ವರ್ಡ್ ಡಬ್ಬಿಯ ಹೊರಗೆ. ಆ್ಯಪ್ ತಯಾರಿಸಲು ಒಂದು ಡಬ್ಬಿ, ಓಡಿಸಲು ಇನ್ನೊಂದು ಚಿಕ್ಕ ಡಬ್ಬಿ. “ಪಾಟ್‌ಲಕ್ ಊಟಕ್ಕ ಮನಿಯಿಂದ ಪಲ್ಯ ಒಯ್ತೀರಿ, ಅದರ ಜೋಡಿ ಮಿಕ್ಸಿನೂ ಒಯ್ತೀರೇನ್ರಿ?” ಎಂದರು ಗಿರಿಜಾ. ಆ್ಯಪ್‌ಗೆ ಡಬ್ಬಿಯೊಳಗೆ ಏನು ಬೇಕಾದರೂ ಮಾಡುವ ಮಾಲೀಕನ ಅಧಿಕಾರ ಕೊಟ್ಟಿದ್ದೆನಂತೆ, ಅದನ್ನೂ ಕಿತ್ತುಕೊಂಡರು. ಈಗ ಯಾರಾದರೂ ಒಳನುಗ್ಗಿದರೂ ಮನೆಯೆಲ್ಲ ಓಡಾಡಲಾರರು. ಎರಡು ಜಿಬಿ ಇದ್ದದ್ದು ನೂರೈವತ್ತು ಎಂಬಿಗೆ ಇಳಿಯಿತು. ನನಗೆ ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ?

ಲೈಬ್ರರಿಯ ಹೊರಗಿನ ಬೆಂಚಿನಲ್ಲಿ ಶ್ವೇತಾ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಯಾವ ದಿನದಿಂದ ಯಾವ ದಿನದವರೆಗೆ ಇತ್ತು ಎಂದು ಕೇಳಿ ಫೋನಿನಲ್ಲಿ ಬರೆದುಕೊಂಡರು. ಲಾಯರ್‌ಗೆ ಹೇಳಬೇಕಂತೆ. ಬೀಗ ಬದಲಾಯಿಸುವವನು ಐದು ಗಂಟೆಗೆ ಬರುತ್ತಾನಂತೆ. ಮಗಳನ್ನು ಎರಡು ವಾರ ಗೆಳತಿಯ ಮನೆಯಲ್ಲಿ ಬಿಡುತ್ತಾರಂತೆ. ನನಗೆ ಅಲ್ಲೇ ಭೂಮಿಯೊಳಗೆ ಇಳಿದುಹೋಗೋಣ ಅನ್ನಿಸಿತು.

ತಡೆಯಲಾಗದೆ ಹೊಸ ಡಬ್ಬಿಯ ಬಗ್ಗೆ ಹೇಳತೊಡಗಿದೆ. ಪದರಗಳ ಬಗ್ಗೆ, ಒಳಗೆ ಬಿಡಬಾರದ ಪಟ್ಟಿಯ ಬಗ್ಗೆ, ನೂರೈವತ್ತು ಎಂಬಿಯ ಬಗ್ಗೆ. ಇನ್ನು ಮುಂದೆ ನಿಮ್ಮ ವಿಳಾಸ ಡೇಟಾಬೇಸಿನಲ್ಲಿ ಭದ್ರವಾಗಿರುತ್ತದೆ, ಯಾರ ಕೈಗೂ ಸಿಗುವುದಿಲ್ಲ ಎಂದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಬ್ಯಾಗ್ ಹೆಗಲಿಗೇರಿಸಿ ಎದ್ದು ನಿಂತರು.

“ಅದೆಲ್ಲಾ ಸರಿ ಸರ್. ಮಗೂಗೆ ಅ ಆ ಇ ಈ ಕಲಿಸೋಕೆ ನಮ್ಮ ಮನೆ ಅಡ್ರೆಸ್ ಯಾಕೆ ಕೇಳಿದ್ರಿ?”