ಖಾಲಿ ಕುರ್ಚಿಯ ವಚನ

ಶನಿವಾರ ನಾಲ್ಕು ಗಂಟೆಗೆ ನಮ್ಮ ಮನೆಯಲ್ಲಿ ಕನ್ನಡ ಸತ್ಯವೇದ ಅಧ್ಯಯನ. ನಾಲ್ಕು ಎಂದರೆ ನಾಲ್ಕೇ. ಮಿಷನ್ ಹಾಸ್ಟೆಲಿನ ಗಂಟೆಗೆ ಎದ್ದು ಬೆಳೆದವಳು ನಾನು; ಆಮೇಲೆ ಆಸ್ಪತ್ರೆಯಲ್ಲಿ ನರ್ಸಾಗಿ, ಮೇಟ್ರನ್ ಆಗಿ ನಿವೃತ್ತಳಾದೆ. ಪುಣೆಯ ಈ ಫ್ಲ್ಯಾಟಿನಲ್ಲಿ ಈಗ ನಾನು ಮತ್ತು ನನ್ನ ತಂಗಿ ಇಬ್ಬರೇ. ಹಾಲ್‌ನಲ್ಲಿ ಎಂಟು ಕುರ್ಚಿ ಹಾಕುತ್ತೇನೆ. ಯಾರ ಕುರ್ಚಿ ಯಾವುದೆಂದು ಗೊತ್ತುಮಾಡಿದ್ದೇನೆ. ಒಬ್ಬೊಬ್ಬರು ಒಂದೊಂದು ವಚನ ಓದಬೇಕು, ಸರದಿ ತಪ್ಪಿಸುವಂತಿಲ್ಲ.

ತಂಗಿಯದು ಕೊನೆಯ ಕುರ್ಚಿ, ಅಡುಗೆಮನೆಯ ಬಾಗಿಲಿಗೆ ಹತ್ತಿರ. ಅದರ ಪಕ್ಕದ್ದು ಚಾಕಣದ ಕಾರಖಾನೆಯಲ್ಲಿ ಸೂಪರ್‌ವೈಸರ್ ಆಗಿರುವವರೊಬ್ಬರದು. ಏಳನೆಯ ವಚನ ಅವರದು. ಅವರು ಓದತೊಡಗಿದರೆ ತಂಗಿ ಮೆಲ್ಲನೆ ಎದ್ದು ಚಹಾಕ್ಕೆ ಇಡಲು ಹೋಗುವಳು. ಎಂಟನೆಯದನ್ನು ನಾನೇ ಓದಿ ಮುಗಿಸುತ್ತಿದ್ದೆ. ಇದೊಂದು ಸಡಿಲನ್ನು ಕಂಡೂ ಕಾಣದಂತೆ ಬಿಟ್ಟಿದ್ದೆ. ಚಹಾ ಹೊತ್ತಿಗೆ ಸರಿಯಾಗಿ ಬರುತ್ತಿತ್ತಲ್ಲ.

ಆ ಶನಿವಾರ ಸೂಪರ್‌ವೈಸರ್ ದಾರಿಯಲ್ಲಿ ವಾಕಡದ ಹತ್ತಿರ ಸಿಕ್ಕಿಕೊಂಡು ಫೋನು ಮಾಡಿದರು. "ಟ್ರಾಫಿಕ್ ಭಾಳ ಅದರಿ, ದೊಡ್ಡಕ್ಕಾರ."

"ಟ್ರಾಫಿಕ್ ವಾರಾ ವಾರಾ ಇರತದರಿ. ನೀವು ಮನಿ ಬಿಡೂದು ಲಗೂನ ಬಿಡಬೇಕು," ಎಂದು ಫೋನಿಟ್ಟು ಪ್ರಾರ್ಥನೆ ಆರಂಭಿಸಿದೆ.

ಅಂದಿನ ಭಾಗ, ಅತ್ತೆಯ ಜೊತೆ ಮೋವಾಬಿನಿಂದ ಬಂದ ವಿಧವೆ ಸೊಸೆ, ಕೊಯ್ಲಿನ ಹಿಂದೆ ಬಿದ್ದ ತೆನೆಗಳನ್ನು ಹಕ್ಕಲಾಯಲು ಹೋದದ್ದು. ಹೊಟ್ಟೆಪಾಡಿಗೆ ಯಾರದೋ ಒಂದು ಹೊಲಕ್ಕೆ ಹೋಗುತ್ತಾಳೆ. ಅದು ಅವಳ ಕೈಹಿಡಿಯಬಲ್ಲ ಬಂಧುವಿನ ಹೊಲವೇ ಆಗಿರುತ್ತದೆ. ಅವಳಿಗೆ ಅದು ಗೊತ್ತಿಲ್ಲ. ದೇವರು ಪರಾಂಬರಿಸುವ ರೀತಿ ಇದು ಎಂದು ಎಷ್ಟೋ ಸಲ ಕಲಿಸಿದ್ದೆ. ಮೂರು ಅಂಶಗಳ ಟಿಪ್ಪಣಿಯೂ ಸಿದ್ಧವಿತ್ತು.

ಆರನೆಯ ವಚನ ಮುಗಿಯಿತು. ಮುಂದಿನದು ಖಾಲಿ ಕುರ್ಚಿಯದು. ತಂಗಿ ಏಳಹೊರಟಳು. "ನಾ ಚಾಕ್ಕ ಇಡತೀನಿ. ನೀನ ಓದಕ್ಕಾ."

"ಚಾ ಎಲ್ಲೂ ಓಡಿ ಹೋಗಂಗಿಲ್ಲ. ಈಗ ನಿನ್ನ ಸರದಿ, ಓದು."

ಬೆಳಿಗ್ಗೆ ತಲೆ ಭಾರ ಎಂದಿದ್ದಳು. ನಿದ್ದೆ ಸಾಲದ್ದಕ್ಕೆ ಎಂದು ನಾನೇ ಬಾಯಿ ಮುಚ್ಚಿಸಿದ್ದೆ.

ಚಷ್ಮಾ ಹಾಕಿಕೊಂಡು ಓದಿದಳು. ಆ ಹೆಂಗಸು ಬೆಳಿಗ್ಗೆಯಿಂದ ಹೊಲದಲ್ಲಿದ್ದಾಳೆ ಎಂಬ ಆಳಿನ ಮಾತು ಅದು. ಅರ್ಧದವರೆಗೆ ಮಾತು ಸ್ಪಷ್ಟವಾಗಿತ್ತು. ಮುಂದೆ ಒಂದು ಶಬ್ದ ಇನ್ನೊಂದಕ್ಕೆ ಅಂಟಿಕೊಂಡು ಎಳೆದಾಡಿತು.

ಎದುರು ಮನೆಯಾಕೆ ನಕ್ಕರು. "ಸಣ್ಣಕ್ಕಾರು ಬಾಯಾಗ ಅಡಿಕಿ ಇಟ್ಕೊಂಡು ಕುಂತಾರ ನೋಡ್ರಿ!"

ತಂಗಿಯೂ ನಕ್ಕಳು. ತುಟಿಯ ಒಂದು ಬದಿ ಮಾತ್ರ ನಕ್ಕಿತು.

"ಎರಡೂ ಕೈ ಮ್ಯಾಲೆತ್ತು," ಎಂದೆ. ಎತ್ತಿದಳು. ಬಲಗೈ ತಾನಾಗಿಯೇ ಕೆಳಗಿಳಿಯಿತು. ಪಾರ್ಶ್ವವಾಯು. ಗಡಿಯಾರ ನೋಡಿದೆ, ನಾಲ್ಕು ಇಪ್ಪತ್ತೆರಡು. ಮಿದುಳಿನಲ್ಲಿ ರಕ್ತ ಕಟ್ಟಿದರೆ ಅದನ್ನು ಕರಗಿಸುವ ಔಷಧಿಗೆ ಇರುವುದು ಕೆಲವೇ ತಾಸು. ಆಂಬುಲೆನ್ಸಿಗೆ ಫೋನು ಮಾಡಲು ಕೈ ಚಾಚುವಷ್ಟರಲ್ಲಿ ಬಾಗಿಲ ಗಂಟೆ ಕೇಳಿಸಿತು.

ಸೂಪರ್‌ವೈಸರ್ ಏದುಸಿರು ಬಿಡುತ್ತ ನಿಂತಿದ್ದರು. ಕೆಳಗೆ ವಾಚ್‌ಮನ್ ಮರಾಠಿಯಲ್ಲಿ ಕೂಗಾಡುತ್ತಿದ್ದ. "ತಪ್ಪಾತ್ರಿ ದೊಡ್ಡಕ್ಕಾರ. ಗಾಡಿ ಗೇಟಿಗೇ ಅಡ್ಡ ನಿಲ್ಲಿಸಿ ಓಡಿ ಬಂದೀನಿ, ಬೈಬ್ಯಾಡ್ರಿ..."

"ಬೈಯಂಗಿಲ್ಲ. ಈಕಿನ್ನ ಹಿಡೀರಿ."

ಕುರ್ಚಿಸಮೇತ ಅವಳನ್ನು ಲಿಫ್ಟಿಗೆ ಒಯ್ದೆವು. ಕಾರು ಗೇಟಿನೆದುರು ರಸ್ತೆಯಲ್ಲೇ ನಿಂತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಮಾತು ತೊದಲಿದ್ದು ಯಾವಾಗಿನಿಂದ ಎಂದು. ಈ ಪ್ರಶ್ನೆಗೆ ಮನೆಯವರು ತಡವರಿಸುವುದನ್ನು ನಾನು ನನ್ನ ಕಾಲದಲ್ಲಿ ಸಾಕಷ್ಟು ಕಂಡಿದ್ದೇನೆ. ಮಲಗಿದ್ದರು, ಎದ್ದಾಗ ಹೀಗಾಗಿತ್ತು ಎನ್ನುತ್ತಾರೆ. ಹೊತ್ತು ತಿಳಿಯದಿದ್ದರೆ ಆ ಔಷಧಿ ಕೊಡಲು ಡಾಕ್ಟರು ಹಿಂಜರಿಯುತ್ತಾರೆ. ನಾನು ನಿಮಿಷ ಹೇಳಿದೆ. ಒಂದು ವಚನದ ಮೊದಲರ್ಧದಲ್ಲಿ ಚೆನ್ನಾಗಿದ್ದಳು, ಎರಡನೆಯ ಅರ್ಧದಲ್ಲಿ ಇರಲಿಲ್ಲ. ಬೆಳಗಿನ ತಲೆಭಾರವನ್ನೂ ಮುಚ್ಚಿಡಲಿಲ್ಲ. ತಲೆಯ ಸ್ಕ್ಯಾನ್ ಮಾಡಿ ಔಷಧಿ ಶುರುಮಾಡಿದರು.

ಆಮೇಲೆ ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ. ಸೂಪರ್‌ವೈಸರ್ ನಾಲ್ಕಕ್ಕೇ ಬಂದಿದ್ದರೆ ಆ ವಚನ ಅವರದಾಗುತ್ತಿತ್ತು. ತಂಗಿ ಒಬ್ಬಳೇ ಒಲೆಯ ಮುಂದೆ ಇರುತ್ತಿದ್ದಳು. ಅವರ ಗಾಡಿ ಹಿಂದಿನ ಅಂಗಳದಲ್ಲಿ ನಾಲ್ಕು ಗಾಡಿಗಳ ನಡುವೆ ಸಿಕ್ಕಿರುತ್ತಿತ್ತು. ಶಿಸ್ತಿನಲ್ಲಿ ದೇವರ ಕೈ ಇದೆ ಎಂದು ಜೀವಮಾನವೆಲ್ಲ ನಂಬಿದ್ದೆ. ನಾನು ಬೈದು ಫೋನಿಟ್ಟ ಆ ತಡದಲ್ಲಿಯೂ ಅದೇ ಕೈ ಇತ್ತು. ನನ್ನ ಟಿಪ್ಪಣಿಯ ಮೂರು ಅಂಶಗಳಲ್ಲಿ ಇದು ಇರಲಿಲ್ಲ. ಸಮಾಧಾನ ಆಗಬೇಕಿತ್ತು; ಆದದ್ದು ಭಯ. ಅಷ್ಟು ಹತ್ತಿರ ಯಾರೋ ನಿಂತಿದ್ದರು, ನಾನು ಕುರ್ಚಿ ಎಣಿಸುತ್ತಿದ್ದೆ. ಅವಳಿಗೆ ಮಾತು ಮರಳದೆ ಹೋದರೂ ಇದನ್ನೆಲ್ಲ ಹೀಗೆಯೇ ಹೇಳುತ್ತೇನೆಯೆ? ಹಾಗೆಂದು ನನ್ನನ್ನೇ ಕೇಳಿಕೊಂಡೆ. ಆದರೂ ಕೈ ಜೋಡಿಸಿಯೇ ಕುಳಿತಿದ್ದೆ.

ಮರುದಿನ ಬೆಳಿಗ್ಗೆ ಒಳಗೆ ಬಿಟ್ಟರು. ತಂಗಿ ಕಣ್ಣು ತೆರೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಕ್ಕಾ, ಬಾಚಣಕಿ ತಂದೀಯೇನ? ಎಲ್ಲಾರ ಮುಂದ ತಲಿ ಕೆದರಿಕೊಂಡು ಮಲಗೇನಿ."

ಒಂದೊಂದು ಶಬ್ದವೂ ಬಿಡಿಬಿಡಿಯಾಗಿ, ಪೂರ್ತಿಯಾಗಿ ಕೇಳಿಸಿತು. ಅಳುವ ಸಂಬಂಧಿಕರನ್ನು ವಾರ್ಡಿನಿಂದ ಹೊರಗೆ ಕಳಿಸುತ್ತಿದ್ದ ನಾನು ಮಂಚದ ಕಂಬಿ ಹಿಡಿದು ನಿಂತೆ. ಆಮೇಲೆ ಬೆರಳುಗಳಿಂದಲೇ ಅವಳ ತಲೆ ಬಾಚತೊಡಗಿದೆ.