ಇಂಜೆಕ್ಷನ್ ಕೋಣೆಯ ಸರೋವರ

ಬೆಳಿಗ್ಗೆ ಹಾಲು ಕಾಸಿದೆ, ನಳ ಬಂದಿತ್ತೆಂದು ಕೊಡಗಳನ್ನೆಲ್ಲ ತುಂಬಿಟ್ಟೆ, ಅಕ್ಕಿ ಆರಿಸಿದೆ, ಮಧ್ಯಾಹ್ನ ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿದೆ. ನಾಡಿದ್ದು ಮಗಳ ಮನೆಗೆ ಹೋಗಬೇಕಲ್ಲ ಎಂದು ಅಟ್ಟದ ಮೇಲಿನ ಗಾಲಿಬ್ಯಾಗ್ ಇಳಿಸಿ ಜಿಪ್ಪು ಎಳೆದೆ. ನೀಲಗಿರಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಸಿಸ್ಟರಮ್ಮ ಮಂಡಿಗೆ ಹಚ್ಚಿಕೊಳ್ಳುತ್ತಿದ್ದ ಎಣ್ಣೆ... ಅಂದು ಇದರೊಳಗೇ ಚೆಲ್ಲಿತ್ತು.

ಹಗರಿಬೊಮ್ಮನಹಳ್ಳಿಯಲ್ಲಿ ಅವರು ನಮ್ಮ ಎದುರುಮನೆಯವರು. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಮದುವೆ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಅವರ ಇಂಜೆಕ್ಷನ್ ಕೋಣೆಯ ಗೋಡೆಗೆ ಹಳೆಯ ಕ್ಯಾಲೆಂಡರಿನ ಒಂದು ಚಿತ್ರ ಅಂಟಿಸಿತ್ತು. ನೀಲಿ ಸರೋವರ, ದಂಡೆಗೆ ಹಳದಿ ಮನೆಗಳು, ಒಂದು ದೋಣಿ. ಇಟಲಿಯ ಕೋಮೊ ಎಂದು ಕೆಳಗೆ ಬರೆದಿತ್ತು. ಸೂಜಿ ಕಂಡು ಅಳುವವರಿಗೆ, "ಆ ದೋಣ್ಯಾಗ ಎಷ್ಟು ಮಂದಿ ಅದಾರ ಹೇಳು" ಅನ್ನುತ್ತಿದ್ದರು. ಎಣಿಸುವಷ್ಟರಲ್ಲಿ ಸೂಜಿ ಚುಚ್ಚಿ ಆಗಿರುತ್ತಿತ್ತು. ನನ್ನ ಮಗಳೂ ಎಣಿಸಿದವಳೇ.

"ತಾಲೂಕಿಗೆಲ್ಲ ಆ ಕೆರಿ ತೋರಿಸೀನಿ. ನಾನೊಬ್ಬಾಕಿನ ಖರೇದು ನೋಡಿಲ್ಲ," ಎಂದರು ಒಂದು ಮಧ್ಯಾಹ್ನ, ನಮ್ಮ ಕಟ್ಟೆಯ ಮೇಲೆ ಕೂತು. ತಮ್ಮ ಜೊತೆ ನನಗೂ ಪಾಸ್‌ಪೋರ್ಟ್ ಮಾಡಿಸಿದರು. ದಾವಣಗೆರೆಯ ಟೂರಿನವರನ್ನು ಕೇಳೋಣವೇ ಎಂದೆ.

"ಹತ್ತು ದಿನಕ್ಕ ಆರು ದೇಶ. ಅದು ಪ್ರವಾಸ ಅಲ್ಲವ್ವ, ವಾರ್ಡಿನ ರೌಂಡ್ಸು. ಜನ್ಮಪೂರ್ತಿ ಹೊಡದೀನಿ. ನಾವ ಹೋಗೂಣು."

ಊಟವಾದ ಮೇಲೆ ದಿನವೂ ಮೊಬೈಲಿನಲ್ಲಿ ನಕ್ಷೆ ತೆಗೆದು ಕೂರುತ್ತಿದ್ದೆವು. ಮಿಲಾನಿನವರೆಗೆ ವಿಮಾನ, ಅಲ್ಲಿಂದ ರೈಲು, ಎರಡು ಸರೋವರ, ಆಮೇಲೆ ಸಮುದ್ರದ ಬಂಡೆಗಳಿಗೆ ಅಂಟಿಕೊಂಡ ಐದು ಊರು. ಯಾವ ರೂಮಿಗೆ ಮೆಟ್ಟಿಲು ಕಡಿಮೆ, ಯಾವುದರಲ್ಲಿ ಒಲೆ ಇದೆ ಎಂದು ಹುಡುಕಿದ್ದೇ ಹುಡುಕಿದ್ದು. ನಮ್ಮ ಯಜಮಾನರು ಛೇಡಿಸುತ್ತಿದ್ದರು.

"ಸಿಸ್ಟರಮ್ಮ, ಮುದ್ದಿ ತಿರುವೋ ಕೋಲು ಇಟಗೊಂಡ್ರಿಲ್ಲೋ?"

"ಅದನ್ನ ಮೊದ್ಲು ಇಟ್ಟೀನ್ರಿ ಸರ. ತೆಗೀಲೇನು ಈಗ?"

ಟಿಕೆಟ್ ತೆಗೆಯುವ ಮುಂಚೆ ಒಂದು ರಿಹರ್ಸಲ್ ಆಗಲಿ ಎಂದು ಅವರೇ ಹೇಳಿದರು. ಈ ಬ್ಯಾಗಿಗೆ ಬಟ್ಟೆ, ಅವರ ಎಣ್ಣೆಯ ಶೀಶೆ ತುಂಬಿಕೊಂಡು ರೈಲಿನಲ್ಲಿ ಹೊಸಪೇಟೆಗೆ ಹೋದೆವು. ಡ್ಯಾಮಿನ ನೀರು ಕಾಣುವ ಕಡೆ ಕೂತ ಸಿಸ್ಟರಮ್ಮ ಹೊತ್ತು ಇಳಿದರೂ ಏಳಲಿಲ್ಲ. ಕೊನೆಗೆ ಎದ್ದು ಮೇಲೆ ಹತ್ತುವಾಗ, ಮೆಟ್ಟಿಲ ಮಧ್ಯೆ ಕುಸಿದು ಕೂತುಬಿಟ್ಟರು. ತಮ್ಮ ನಾಡಿಯನ್ನು ತಾವೇ ಹಿಡಿದರು, ಯಾರೋ ಪೇಶಂಟಿನ ಕೈ ಹಿಡಿದಂತೆ, ಮುಖದಲ್ಲಿ ಏನೂ ತೋರಿಸದೆ.

"ಮಂಡಿ ಏನ್ರಿ?" ಎಂದೆ.

"ಮಂಡಿ ಅಲ್ಲವ್ವ," ಎಂದರು.

ವಾರದಲ್ಲಿ ಡಾಕ್ಟರು, ಹೃದಯ ಸೋತಿದೆ, ವಿಮಾನದ ಮಾತು ಬೇಡ ಎಂದರು. ಸಿಸ್ಟರಮ್ಮನಿಗದು ಮೆಟ್ಟಿಲ ಮೇಲೇ ಗೊತ್ತಾಗಿತ್ತು. ಆದರೂ ಮಧ್ಯಾಹ್ನ ಬರುವುದನ್ನು ಬಿಡಲಿಲ್ಲ. ಐದು ಊರು ಒಂದಾಯಿತು. ಆಮೇಲೆ ಸಮುದ್ರವನ್ನೇ ಬಿಟ್ಟೆವು. ಎರಡು ಸರೋವರ ಒಂದಾಯಿತು... ಕೊನೆಗೆ ಉಳಿದದ್ದು ಕೋಮೊದ ದಂಡೆಯಲ್ಲಿ, ದೋಣಿ ಬಂದು ನಿಲ್ಲುವಲ್ಲಿನ ಒಂದು ಬೆಂಚು.

"ಅಲ್ಲಿಗೆ ಮುಟ್ಟಿದ್ರ ಸಾಕು. ಕುಂತ ಮ್ಯಾಲ ಎದಿ ಏನು ಮಾಡ್ತೈತಿ?"

ಆ ಚಳಿಗಾಲವನ್ನು ಅವರು ದಾಟಲಿಲ್ಲ.

ಇವತ್ತು ಸಂಜೆ ಬಂದ ಯಜಮಾನರು ತೆರೆದ ಬ್ಯಾಗನ್ನೂ ನನ್ನ ಮುಖವನ್ನೂ ನೋಡಿದರು. "ನಾ ಬರ್ಲೇನು ಜತಿಗೆ? ಇಟಲಿಗೆ?" ಎಂದರು. ತಮಾಷೆಯ ದನಿಯಲ್ಲ.

"ಅಲ್ಲಿ ಬರೇ ಕುಂಡ್ರೋದೈತ್ರಿ, ಮತ್ತೇನಿಲ್ಲ."

"ಕುಂಡ್ರತೀನಿ ತಗಿ."

ಕೂರುತ್ತಾರೆ, ನನಗೆ ಗೊತ್ತು. ಮುಂದೆಂದಾದರೂ ನಾವು ಹೋದರೂ ಹೋದೇವು. ಆದರೆ ಅದು ಬೇರೆಯೇ ಪ್ರವಾಸ. ಸಿಸ್ಟರಮ್ಮನ ಜೊತೆ ಹೋಗಬೇಕಿದ್ದದ್ದು ಹೋಗದೆಯೇ ಉಳಿಯುತ್ತದೆ.

ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಮಜ್ಜಿಗೆ. ಯಜಮಾನರು ಮೊದಲು ಮಲಗಿದರು. ನನಗೆ ನಿದ್ದೆ ಹತ್ತಲು ಬಹಳ ಹೊತ್ತಾಯಿತು.