ಚಿರಂಜೀವಿಯ ಮೊದಲ ತುತ್ತು

ಹಿಂದಿನ ಕಾಲದ ವೀರರಿಗೆ ಒಂದೊಂದು ವ್ರತವಿರುತ್ತಿತ್ತು. ಒಬ್ಬ ಶತ್ರುವಿನ ತಲೆ ಉರುಳುವವರೆಗೆ ಜುಟ್ಟು ಕಟ್ಟುತ್ತಿರಲಿಲ್ಲ, ಇನ್ನೊಬ್ಬ ಸೂರ್ಯನಿಗೆ ಕೈಮುಗಿಯದೆ ನೀರು ಮುಟ್ಟುತ್ತಿರಲಿಲ್ಲ. ಬಂಗಾರಪೇಟೆಯಿಂದ ಕಾಮಸಮುದ್ರದವರೆಗಿನ ಸೀಮೆಗೆ ಈ ಕಾಲದಲ್ಲಿ ದಕ್ಕಿದ ಏಕೈಕ ವ್ರತಧಾರಿ ಎಂದರೆ ಮೋಟಾರ್ ವೈಂಡಿಂಗ್ ಚಿರಂಜೀವಿ. ಮಧ್ಯಾಹ್ನ ಊಟಕ್ಕೆ ಕೂತರೆ ಅವನ ಮೊದಲ ತುತ್ತು ರಾಗಿಮುದ್ದೆಯದೇ ಆಗಬೇಕು. ಎದುರಿಗೆ ಬಿರಿಯಾನಿಯ ಹಂಡೆಯೇ ಹಬೆಯಾಡುತ್ತಿರಲಿ, ಅವನು ಅತ್ತ ತಿರುಗುತ್ತಿರಲಿಲ್ಲ. ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ಗುಳುಂ ಎಂದು ನುಂಗಿ, ಎದೆಯ ಮೇಲೆ ಕೈಯಿಟ್ಟು ಗಳಿಗೆ ಹೊತ್ತು ಧ್ಯಾನಸ್ಥನಾಗುತ್ತಿದ್ದ. ಆಮೇಲೆಯೇ ಉಳಿದ ಲೋಕದ ಕಡೆ ನೋಟ.

ಜನ ಸುಮ್ಮನಿರುತ್ತಾರೆಯೇ? ಮುನೇಶ್ವರನ ಹರಕೆ ಎಂದರು ಕೆಲವರು. ಸ್ಟೇಷನ್ ಪಕ್ಕದ ಮೆಸ್ಸಿನ ಮುನಿರತ್ನಮ್ಮ, "ಭಕ್ತಿ ಅಂದ್ರೆ ಅದು ಕಣ್ರಪ್ಪಾ" ಎಂದು ಸೌಟು ಹಿಡಿದೇ ಕೈಮುಗಿದಳು. ರಾಗಿ ಬೆಳೆಗಾರರ ಸಂಘದವರು ಕರೆಸಿ ಶಾಲು ಹೊದಿಸಿ, "ಈ ನೆಲದ ಮಗ" ಎಂದು ಭಾಷಣ ಮಾಡಿದರು. ಶಾಲಿನೊಳಗೆ ಚಿರಂಜೀವಿ ಬೆವರುತ್ತಿದ್ದ. ತುತ್ತಿನೊಳಗೆ ಏನಿದೆ ಎಂದು ಗೊತ್ತಾದರೆ ಇದೇ ಶಾಲನ್ನು ಕುತ್ತಿಗೆಗೆ ಬಿಗಿಯುತ್ತಾರೆ ಎಂದು ಅವನಿಗೆ ಖಾತ್ರಿಯಿತ್ತು.

ತುತ್ತಿನೊಳಗೆ ಒಂದು ಮಾತ್ರೆ ಇತ್ತು.

ಚಿರಂಜೀವಿ ಗಂಡಸರನ್ನು ಬಯಸುವ ಗಂಡಸು. ಇದು ಊರಿಗೆ ಗೊತ್ತಿಲ್ಲ, ತಾಯಿ ಚಿಕ್ಕವೆಂಕಟಮ್ಮನಿಗೂ ಗೊತ್ತಿಲ್ಲ. ಗೊತ್ತಿದ್ದವನು ಸುಧಾಕರ ಒಬ್ಬನೇ. ಹಾವೇರಿ ಕಡೆಯಿಂದ ಕೆಜಿಎಫ್‌ನ ಫ್ಯಾಕ್ಟರಿಗೆ ಕೆಲಸಕ್ಕೆ ಬಂದು, ಉರಿಗಾಂನಲ್ಲಿ ಬಾಡಿಗೆಗಿದ್ದ ಸುಧಾಕರ ಮೊದಲು ಅವನ ಪ್ರೇಮಿಯಾಗಿದ್ದು, ಜಗಳವಾಡಿ, ಕೊನೆಗೆ ಗೆಳೆಯನಾಗಿ ಉಳಿದಿದ್ದ. ಎಚ್‌ಐವಿಯ ಹೆಸರು ಕೇಳಿದರೇ ಕೈಕಾಲು ತಣ್ಣಗಾಗುವ ಚಿರಂಜೀವಿಯನ್ನು ಬೆಂಗಳೂರಿನ ಕ್ಲಿನಿಕ್ಕಿಗೆ ಎಳೆದೊಯ್ದವನು ಅವನೇ. ಡಾಕ್ಟರು ರಕ್ತ ನೋಡಿ, ಸೋಂಕಿಲ್ಲ ಎಂದು ಹೇಳಿ, ಪ್ರೆಪ್ ಬರೆದುಕೊಟ್ಟರು. ಸೋಂಕಿಲ್ಲದವರು ಅದು ತಾಗದಿರಲಿ ಎಂದು ದಿನಕ್ಕೊಂದು ನುಂಗುವ ಮಾತ್ರೆ ಅದು.

ತೊಡಕು ಇದ್ದದ್ದು ಆ ನುಂಗುವುದರಲ್ಲಿ. ತ್ರೀ ಫೇಸ್ ಕರೆಂಟನ್ನು ಬೆರಳ ತುದಿಯಲ್ಲಿ ಆಡಿಸುವ ಈ ಧೀರನ ಗಂಟಲು ಮಾತ್ರೆ ಕಂಡರೆ ಶಟರ್ ಎಳೆದುಕೊಳ್ಳುತ್ತಿತ್ತು. ಒಂದು ಚೊಂಬು ನೀರು ಒಳಗೆ ಹೋಗುತ್ತಿತ್ತು, ಮಾತ್ರೆ ನಾಲಿಗೆಯ ಮೇಲೇ ಕೂತಿರುತ್ತಿತ್ತು. ಆದರೆ ಕೋಲಾರದ ಕಡೆಯವರು ಮುದ್ದೆಯನ್ನು ಅಗಿಯುವುದಿಲ್ಲವಲ್ಲ! ಹುಟ್ಟಿದಾಗಿನಿಂದ ನುಂಗಿ ನುಂಗಿ ಪಳಗಿದ ಆ ಗಂಟಲಿಗೆ ಮುದ್ದೆಯೊಳಗೆ ಏನು ಕೂತಿದೆಯೆಂದು ವಿಚಾರಿಸುವ ಅಭ್ಯಾಸವೇ ಇರಲಿಲ್ಲ. ಹೀಗೆ ಹುಟ್ಟಿತು ಮಹಾವ್ರತ.

ಅದಕ್ಕೆ ಭಂಗ ಬಂದದ್ದು ತಂಗಿ ಅರ್ಚನಳ ಮದುವೆಯಲ್ಲಿ. ದೇವರ ಕಾರ್ಯ, ಚಪ್ಪರ ಎಂದು ಮನೆ ತುಂಬ ನೆಂಟರು, ಒಲೆಯ ಮೇಲೆ ಬರೀ ಅನ್ನ, ಪಾಯಸ, ಒಬ್ಬಟ್ಟು.

"ಅಮ್ಮಾ, ನಂಗೊಂದ್ ಮುದ್ದೆ ತೊಳ್ಸಮ್ಮ."

"ಮದ್ವೆ ಮನೇಲಿ ಮುದ್ದೆನಾ? ಬೀಗ್ರು ನೋಡುದ್ರೆ ಅಕ್ಕಿಗೂ ಗತಿ ಇಲ್ದೋರು ಅಂದ್ಕಂತಾರೆ. ಒಂದ್ ವಾರ ಒಬ್ಬಟ್ಟು ತಿಂದ್ರೆ ಸಾಯಲ್ಲ ಓಗ್ಲಾ!"

ಒಬ್ಬಟ್ಟಿನಲ್ಲಿಟ್ಟು ನೋಡಿದ. ಹಲ್ಲು ತನ್ನ ಕೆಲಸ ತಾನು ಮಾಡಿತು, ಬಾಯೆಲ್ಲ ವಿಷದಂತೆ ಕಹಿಯಾಗಿ ಬಾಳೆಗಿಡದ ಬುಡಕ್ಕೆ ಓಡಿದ. ಬಾಳೆಹಣ್ಣಿನಲ್ಲಿಟ್ಟ. ಹಣ್ಣು ಹೋಯಿತು, ಮಾತ್ರೆ ಉಳಿಯಿತು. ಒಂದು ವಾರ ತಾನೇ, ತಂಗಿಯ ಮದುವೆಯಲ್ಲಿ ನನಗೇನು ನಡೆದುಬಿಡುತ್ತದೆ ಎಂದು ಕೈಬಿಟ್ಟ. ವಿಧಿ ಅಷ್ಟು ಹೊತ್ತಿಗಾಗಲೇ ಕ್ಯಾಮೆರಾ ಹೊತ್ತು ಮಾಲೂರಿನಿಂದ ಹೊರಟಿತ್ತು.

ವಿಡಿಯೊ ತೆಗೆಯಲು ಬಂದವನು ನಗುವುದರಲ್ಲಿ ನಿಪುಣ. ಧಾರೆಯ ಹೊತ್ತಿಗೆ ಎರಡು ಸಲ ನಕ್ಕ. ಎರಡನೇ ಪಂಕ್ತಿಗೆ ಎಲೆ ಹಾಕುವಾಗ ಛತ್ರದ ಸಾಮಾನು ಕೋಣೆಯಲ್ಲಿ, ಕುಂಬಳಕಾಯಿಗಳ ಮಧ್ಯೆ, ಇಬ್ಬರೂ ಒಟ್ಟಿಗಿದ್ದರು. ಚಿರಂಜೀವಿಯ ಕಾಂಡೋಮ್ ಮನೆಯಲ್ಲಿದ್ದ ಪ್ಯಾಂಟಿನ ಜೇಬಿನಲ್ಲಿತ್ತು, ಅವನು ಉಟ್ಟಿದ್ದು ಜೇಬಿಲ್ಲದ ರೇಷ್ಮೆ ಪಂಚೆ. ಕ್ಯಾಮೆರಾ ಆಫ್ ಆಗಿತ್ತು ಎಂಬುದೊಂದೇ ಸಮಾಧಾನ.

ಭಯ ಮಾರನೆಯ ಬೆಳಿಗ್ಗೆ ಬಂತು, ಬಂದದ್ದು ಮನೆಯನ್ನೇ ಹಿಡಿದುಕೊಂಡು ಕೂತಿತು. ಸ್ಟೀಲ್ ತಟ್ಟೆಯ ಬೆನ್ನಿನಲ್ಲಿ ನಾಲಿಗೆ ಚಾಚಿ ನೋಡಿಕೊಂಡ, ಬಿಳಿ ಕಂಡಿತು. ಬೆವರಿದರೆ ಜ್ವರ, ಸೊಳ್ಳೆ ಕಚ್ಚಿದರೆ ಗುಳ್ಳೆ. ಗಂಟಲ ಮುಂದೆ ಗಂಟು ಸಿಕ್ಕಿತೆಂದು ನಡುಗಿ ಸುಧಾಕರನಿಗೆ ಫೋನ್ ಮಾಡಿದ. ಆ ಗಂಟು ಮೀಸೆ ಮೂಡಿದಾಗಿನಿಂದ ಎಲ್ಲ ಗಂಡಸರಿಗೂ ಇರುವಂಥದ್ದು.

"ಸುಧಾಕರ, ನಾನ್ ಓದೆ ಕಣೋ."

"ಎಲ್ಲಿಗೆ ಹೋದ್ಯೋ?"

"ಮ್ಯಾಲಕ್ಕೆ."

ಎಲ್ಲ ಕೇಳಿ ಸುಧಾಕರ ಬೈದ. "ಲೇ ಹುಚ್ಚಾ, ಅಳೂದು ಬಿಡು. ಮೂರು ದಿನದೊಳಗ ಶುರು ಮಾಡಿದ್ರ ಸೋಂಕು ತಡೆಯೋ ಬ್ಯಾರೆ ಗುಳಿಗಿ ಅದಾವು. ಎಷ್ಟು ಜಲ್ದಿ ಆದ್ರ ಅಷ್ಟು ಚಲೋ. ಈಗ ಎದ್ದು ದವಾಖಾನಿಗೆ ನಡಿ."

"ಯಾರಾನಾ ನೋಡುದ್ರೆ?"

"ಹಂಗಾರ ಹೆಲ್ಮೆಟ್ ಹಾಕ್ಕೊಂಡು ಹೋಗು!"

ಸುಧಾಕರ ಹೇಳಿದ್ದು ಸಿಟ್ಟಿಗೆ. ಚಿರಂಜೀವಿ ಅದನ್ನು ಗುರುವಾಕ್ಯವೆಂದು ತಿಳಿದ. ಆ ದಿನವೆಲ್ಲ ಆಸ್ಪತ್ರೆಯ ಗೇಟಿನವರೆಗೆ ಹೋಗುವುದು, ಎದುರಿನಂಗಡಿಯಲ್ಲಿ ಟೀ ಕುಡಿಯುವುದು, ವಾಪಸಾಗುವುದು. ಮರುದಿನ, ಗಡುವು ಮುಗಿಯುತ್ತಿದೆ ಎಂಬ ಭಯ ಯಾರಾದರೂ ನೋಡಿಯಾರು ಎಂಬ ಭಯವನ್ನು ತುಸು ಹಿಂದೆ ಹಾಕಿದಾಗ, ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಒಳಗೆ ನುಗ್ಗಿ ಬೆಂಚಿನ ಮೇಲೆ ಕೂತ.

"ಏನಪ್ಪಾ, ಗಾಡೀನೂ ಒಳಗೇ ತಂದೀಯಾ?" ಎಂದಳು ಪಕ್ಕದ ಮುದುಕಿ.

ಆಪ್ತ ಸಮಾಲೋಚಕರ ಕೋಣೆಗೆ ಕರೆದರು. ಒಳಗೆ ಹೋದವನು ಹೆಲ್ಮೆಟ್ಟಿನ ಗಾಜನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. ಬಾಗಿಲು ಮುಚ್ಚಿ ಅದರ ಮುಂದಿನ ಕುರ್ಚಿಯಲ್ಲಿ ಕೂತವಳು ಕಲ್ಪನ, ಅರ್ಚನಳ ಗಂಡ ಶಿವಪ್ರಸಾದನ ಸ್ವಂತ ಅತ್ತಿಗೆ! ಯಾವುದೋ ಆಸ್ಪತ್ರೆಯಲ್ಲಿ ಕೆಲಸ ಎಂದಷ್ಟೇ ಅವನಿಗೆ ಗೊತ್ತಿತ್ತು. ಮೊನ್ನೆ ತಾನೇ ಇವಳ ಎಲೆಗೆ ತುಪ್ಪ ಬಡಿಸಿದ್ದ.

"ಹೆಲ್ಮೆಟ್ ತೆಗೀರಿ. ಮುಖ ನೋಡ್ದೆ ಹೆಂಗೆ ಮಾತಾಡೋದು?"

ಹೆಲ್ಮೆಟ್ಟಿನೊಳಗೆ ಹಬೆ ಕಟ್ಟಿತ್ತು. ಹೇಳಿದರೆ ಅರಿಶಿನ ಆರದ ತಂಗಿಯ ಬಾಳು ಏನಾದೀತೋ. ಹೇಳದಿದ್ದರೆ ತನ್ನ ರಕ್ತ ಏನಾದೀತೋ. ಕೊನೆಗೆ ತೆಗೆದ.

ಕಲ್ಪನಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಹೇಳಿ."

"ಅಕ್ಕಾ, ನನ್ ಫ್ರೆಂಡ್ ಒಬ್ನು..."

"ಆ ಫ್ರೆಂಡ್‌ಗೆ ನಿಮ್ಮ ಕೈಯಿಂದ ರಕ್ತ ತಗೊಂಡ್ರೆ ನಡೆಯುತ್ತಾ?"

ಅವನು ಅಂಗಿಯ ತೋಳು ಮಡಚಿದ.

"ನೋಡಿ, ಇಲ್ಲಿ ಹೇಳಿದ್ದು ಹೊರಗೆ ಹೋಗೋ ಹಂಗಿಲ್ಲ, ಕಾನೂನೇ ಇದೆ. ಮನೇಲಿ ನಾನು ಶಿವಪ್ರಸಾದನ ಅತ್ತಿಗೆ. ಈ ಕೋಣೇಲಿ ಅಲ್ಲ. ಯಾವಾಗ ಆಯ್ತು?"

"ಮೊನ್ನೆ."

"ಮೊನ್ನೆ ಮದ್ವೆ ಇತ್ತಲ್ಲ?"

"ಊಂ ಅಕ್ಕ. ಎರಡ್ನೇ ಪಂಕ್ತೀಲಿ."

ಅವಳ ಒಂದು ಹುಬ್ಬು ಮೇಲೇರಿ, ಕರ್ತವ್ಯ ನೆನಪಾಗಿ ಕೆಳಗಿಳಿಯಿತು. "ಹೆಂಗಸಾ, ಗಂಡಸಾ?"

ಅವನು ತೊಡೆಯ ಮೇಲಿದ್ದ ಹೆಲ್ಮೆಟ್ಟನ್ನು ಒಂದು ಸುತ್ತು ತಿರುಗಿಸಿದ.

"ಗಂಡಸು."

"ಹೂಂ. ಪ್ರೆಪ್ ತಗೊಳ್ತಿದ್ರಾ? ಯಾಕೆ ಬಿಟ್ರಿ?"

ಕಾರಣ ಕೇಳಿ ಮಾತ್ರ ಕಲ್ಪನ ಪೆನ್ನು ಕೆಳಗಿಟ್ಟಳು. "ಮುದ್ದೆ ಇರ್ಲಿಲ್ಲ ಅಂತ?" ಎಂದು ಕೇಳಿ ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅವಳ ಭುಜ ಅಲುಗುತ್ತಿತ್ತು.

ಅಂದಿನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೆ ಅದು ಇಷ್ಟು ಬೇಗ ಕಾಣುವಂಥದ್ದೂ ಅಲ್ಲ ಎಂದರು ಡಾಕ್ಟರು. ನಾಲ್ಕು ವಾರ ಒಂದು ದಿನವೂ ತಪ್ಪದೆ ನುಂಗಲು ಮಾತ್ರೆ ಬರೆದು, ಆಮೇಲೆ ಮತ್ತೆ ಪರೀಕ್ಷೆಗೆ ಬರಹೇಳಿದರು. ಮೊದಲನೆಯದನ್ನು ಮುಷ್ಟಿಯಲ್ಲಿ ಹಿಡಿದು ಚಿರಂಜೀವಿ ನೇರ ಮುನಿರತ್ನಮ್ಮನ ಮೆಸ್ಸಿಗೆ ಓಡಿದ.

ಮುಂದಿನ ವಾರ ಹೊಸ ಬೀಗರಿಗೆ ಮನೆಯಲ್ಲಿ ಔತಣ. ಮತ್ತೆ ಒಬ್ಬಟ್ಟು, ಮತ್ತೆ ಅನ್ನ. ಮಾತ್ರೆ ಬೆವರಿದ ಕೈಯಲ್ಲಿ ಕರಗುತ್ತಿತ್ತು. ಎದುರು ಸಾಲಿನಲ್ಲಿದ್ದ ಕಲ್ಪನ ಬಾಯಿ ತೆರೆದರೆ ಏನು ಬರುತ್ತದೋ ಎಂದು ಅವನ ಜೀವ ಹಾರುತ್ತಿತ್ತು. ಅವಳು ಬಾಯಿ ತೆರೆದೇ ತೆರೆದಳು.

"ಅಮ್ಮಾ, ಒಂದು ಮುದ್ದೆ ಸಿಗುತ್ತಾ? ಇಲ್ದಿದ್ರೆ ನಂಗೆ ಊಟನೇ ಸೇರಲ್ಲ."

"ಅತ್ತಿಗೆ, ನೀವ್ ಯಾವತ್ ಮುದ್ದೆ ತಿಂದ್ರಿ?" ಶಿವಪ್ರಸಾದ ಬೆರಗಾದ.

"ನೀನ್ ನಿನ್ನೆಲೆ ನೋಡ್ಕೊಳಪ್ಪಾ."

ಬೀಗರೇ ಕೇಳಿದ ಮೇಲೆ ಚಿಕ್ಕವೆಂಕಟಮ್ಮ ಸೆರಗು ಸಿಕ್ಕಿಸಿ ಒಲೆಗೆ ಓಡಿದಳು. ಮುದ್ದೆ ಬಂತು, ಎಲ್ಲರ ಎಲೆಗೂ ಬಂತು. ಕಲ್ಪನ ಒಮ್ಮೆಯೂ ಅವನ ಕಡೆ ನೋಡದೆ ತನ್ನ ಪಾಲಿನದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದಳು.

ಆಮೇಲಿನ ದಿನಗಳನ್ನು ಚಿರಂಜೀವಿ ಬದುಕಿದ ಎನ್ನುವುದಕ್ಕಿಂತ ನಡುಗಿದ ಎನ್ನಬೇಕು. ವೈಂಡಿಂಗ್ ಮಾಡುವಾಗ ತಂತಿ ತಪ್ಪುತ್ತಿತ್ತು, ಕೆಮ್ಮಿದರೆ ಉಯಿಲು ಬರೆಯುವ ಯೋಚನೆ ಬರುತ್ತಿತ್ತು. ಮೂರು ತಿಂಗಳಾದ ಮೇಲಿನ ಕೊನೆಯ ಪರೀಕ್ಷೆಯಲ್ಲೂ ಸೋಂಕಿಲ್ಲ ಎಂದು ಬಂದಾಗ ಅವನು ಕುಣಿಯಲಿಲ್ಲ, ಬೆಂಚಿನ ಮೇಲೆ ಕೂತು ಅತ್ತ. ಪ್ರೆಪ್ ಮತ್ತೆ ಶುರುವಾಗಿತ್ತು.

ಸಂಜೆ ಉರಿಗಾಂನಲ್ಲಿ, ಚಿನ್ನದ ಗಣಿಯ ಕಸ ಸುರಿದು ಎದ್ದ ಸೈನೈಡ್ ಗುಡ್ಡದ ಕಡೆ ಮುಖ ಮಾಡಿ ಕೂತ ಸುಧಾಕರ ಗೆಳೆಯನ ಬೆನ್ನಿಗೊಂದು ಗುದ್ದಿದ.

"ಅಲ್ಲಲೇ, ಬೀಗರ ಹೆಣ್ಮಗಳ ಮುಂದ ಕುಂತು ಗಂಡಸು ಅಂತ ಬಾಯಿಬಿಟ್ಟು ಹೇಳಿದ್ಯಲ್ಲ! ನನ್ನ ಕೈಲಂತೂ ಆಗ್ತಿದ್ದಿಲ್ಲ. ಹುಲಿ ಅದೀ ನೀ. ಅಷ್ಟು ಧೈರ್ಯ ಎಲ್ಲಿಂದ ಬಂತು?"

ಚಿರಂಜೀವಿ ಬೆನ್ನು ಉಜ್ಜಿಕೊಂಡ.

"ಧೈರ್ಯ ಎಲ್ಲೈತೆ ಬಿಡೋ. ಎದ್ದು ಓಡೋಗಣ ಅಂದ್ರೆ, ಆಯಕ್ಕನ ಕುರ್ಚಿ ಬಾಗ್ಲಿಗೆ ಅಡ್ಡ ಇತ್ತು."